ಯಾವ ದೇಶ ಎನ್ನುವ ಮೊದಲು, ಯಾವುದನ್ನು ಬಿಡಲಾರಿರಿ?

ಬೆಂಗಳೂರಿನಲ್ಲಿ ಹೊರದೇಶಕ್ಕೆ ಹೋಗಿ ನೆಲೆಸುವ ಮಾತೆತ್ತಿದರೆ ಸಲಹೆಗೆ ಬರವಿಲ್ಲ. ಕನ್ಸಲ್ಟೆನ್ಸಿಯವರು ನಿಮ್ಮ ವಯಸ್ಸು, ಪದವಿ, ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಅಂಕ ಕೇಳಿ ಐದೇ ನಿಮಿಷದಲ್ಲಿ ದೇಶದ ಹೆಸರು ಹೇಳಿಬಿಡುತ್ತಾರೆ. ನ್ಯೂಜೆರ್ಸಿಯಲ್ಲಿರುವ ಭಾವ ನಮ್ಮ ಊರಿಗೇ ಬಾ ಎನ್ನುತ್ತಾರೆ. ಬರ್ಲಿನ್‌ನಿಂದ ರಜೆಗೆ ಬಂದ ಸಹೋದ್ಯೋಗಿ ಅಲ್ಲಿನ ಬಾಡಿಗೆಯನ್ನು ಬೈಯುತ್ತಲೇ ಅಲ್ಲಿನ ಉದ್ಯಾನಗಳನ್ನು ಹೊಗಳುತ್ತಾನೆ. ಇವರೆಲ್ಲ ಉತ್ತರಿಸುವುದು ಎಲ್ಲಿಗೆ ವೀಸಾ ಸಿಗುತ್ತದೆ, ಎಷ್ಟು ಸಂಬಳ ಬರುತ್ತದೆ ಎಂಬ ಪ್ರಶ್ನೆಗೆ. ಹೋಗಿ ಹೇಗೆ ಬದುಕಬೇಕೆಂದಿದ್ದೀರಿ ಎಂದು ಯಾರೂ ಕೇಳುವುದಿಲ್ಲ. ಆ ಪ್ರಶ್ನೆಗೆ ಕಮಿಷನ್ ಇಲ್ಲ.

ಕಂಪನಿಯೊಂದರಲ್ಲಿ ನೌಕರರನ್ನು ಹೊರದೇಶದ ಕಚೇರಿಗಳಿಗೆ ಕಳುಹಿಸುವ ಕಾಗದಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಹೋದವರಲ್ಲಿ ಕೆಲವರು ಗಂಟುಮೂಟೆ ಕಟ್ಟಿಕೊಂಡು ಮರಳುತ್ತಾರೆ. ಸಂಬಳ ಸಾಲದೆ ಮರಳಿದವರನ್ನು ನಾನು ಕಂಡದ್ದು ತೀರ ಅಪರೂಪ. ಹೆಂಡತಿಗೆ ಕೆಲಸ ಮಾಡುವ ಅನುಮತಿ ಸಿಗಲಿಲ್ಲ, ಅಮ್ಮನನ್ನು ಕರೆಸಿಕೊಳ್ಳಲು ಆಗಲಿಲ್ಲ, ಮಗನ ಮಾತು ಅಜ್ಜಿಗೆ ತಿಳಿಯದಂತಾಯಿತು ಎಂಬಂಥವು ಕಾರಣಗಳು. ಇವೆಲ್ಲ ಹೊರಡುವ ಮೊದಲೇ ಆ ದೇಶದ ನಿಯಮಗಳನ್ನು ಓದಿದ್ದರೆ ಗೊತ್ತಾಗುತ್ತಿದ್ದ ಸಂಗತಿಗಳೇ.

ಭಾರತದ ಪೌರತ್ವ ಬಿಟ್ಟವರ ಸಂಖ್ಯೆ 2022ರಲ್ಲಿ 2,25,620, 2023ರಲ್ಲಿ 2,16,219. ವಿದೇಶಾಂಗ ಸಚಿವಾಲಯ ಸಂಸತ್ತಿಗೆ ಕೊಟ್ಟ ಲೆಕ್ಕ ಇದು. ಅಷ್ಟು ದೊಡ್ಡ ನಿರ್ಧಾರಕ್ಕೆ ‘ಜಗತ್ತಿನ ಅತ್ಯಂತ ಸುಖೀ ದೇಶಗಳು’ ಎಂಬ ಪಟ್ಟಿಯನ್ನು ನಂಬಿಕೊಳ್ಳುವುದು ನನಗೆ ಸರಿಕಾಣುವುದಿಲ್ಲ. ಒಂದು ದೇಶ ಯಾವುದಕ್ಕೆ ಬೆಲೆ ಕೊಡುತ್ತದೆ ಎಂಬುದು ಅದರ ಜಾಹೀರಾತಿನಲ್ಲಿ ಇರುವುದಿಲ್ಲ. ನೀವು ಯಾರನ್ನು ಜೊತೆಗೆ ಕರೆತರಬಹುದು, ಕೆಲಸ ಹೋದರೆ ಎಷ್ಟು ದಿನ ಉಳಿಯಬಹುದು, ಮಗು ಹುಟ್ಟಿದರೆ ಎಷ್ಟು ರಜೆ, ಮತ ಹಾಕಲು ಎಷ್ಟು ವರ್ಷ ಕಾಯಬೇಕು ಎಂಬ ಒಣ ನಿಯಮಗಳಲ್ಲಿ ಅದು ಸ್ಪಷ್ಟವಾಗಿ ಬರೆದಿರುತ್ತದೆ. ಇಲ್ಲಿನ ಹೋಲಿಕೆ ಆ ನಿಯಮಗಳನ್ನು ಹಿಡಿದೇ ಸಾಗುತ್ತದೆ. ಅವು ಆಗಾಗ ಬದಲಾಗುತ್ತವೆ. ಆದ್ದರಿಂದ ಅರ್ಜಿ ಹಾಕುವ ಮುನ್ನ ಆಯಾ ಸರ್ಕಾರದ ಜಾಲತಾಣವನ್ನೇ ನೋಡಿ, ಭಾವನ ವಾಟ್ಸ್ಆ್ಯಪ್ ಸಂದೇಶವನ್ನಲ್ಲ.

ಮೊದಲು ಎರಡು ಹಾಳೆ

ಗಂಡ ಹೆಂಡತಿ ಒಟ್ಟಿಗೆ ಕುಳಿತು ಪಟ್ಟಿ ಮಾಡಬೇಡಿ. ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ ಬರೆದು ಆಮೇಲೆ ಬದಲಾಯಿಸಿಕೊಳ್ಳಿ. ‘ಸ್ವಾತಂತ್ರ್ಯ’, ‘ಒಳ್ಳೆಯ ಜೀವನ’ ಎಂಬಂಥ ಪದಗಳು ಬಂದರೆ ಹೊಡೆದುಹಾಕಿ. ಅವುಗಳಿಗೆ ಯಾವ ದೇಶವೂ ಹೊಂದುತ್ತದೆ. ಪ್ರತಿಯೊಂದು ಸಾಲಿನ ಮುಂದೆಯೂ ಬೆಲೆ ಇರಬೇಕು: ಇದಕ್ಕಾಗಿ ಸಂಬಳದಲ್ಲಿ ಕಾಲು ಭಾಗ ಬಿಡುತ್ತೇನೆ, ಇದಕ್ಕಾಗಿ ಹೊಸ ಭಾಷೆ ಕಲಿಯುತ್ತೇನೆ, ಇದಕ್ಕಾಗಿ ಹತ್ತು ವರ್ಷ ಬಾಡಿಗೆ ಮನೆಯಲ್ಲೇ ಇರುತ್ತೇನೆ. ಬೆಲೆ ಬರೆಯಲು ಕೈ ಬಾರದಿದ್ದರೆ ಅದು ಆಸೆಗಳ ಪಟ್ಟಿಗೆ ಸೇರಿದ್ದು.

ರಾಜಾಜಿನಗರದ ಮನೆಯೊಂದರಲ್ಲಿ ಹೀಗೆ ಹಾಳೆ ಬದಲಾಯಿಸಿಕೊಂಡದ್ದನ್ನು ನೋಡಿದ್ದೇನೆ. ಆತ ಸಾಫ್ಟ್‌ವೇರ್ ಕಂಪನಿಯಲ್ಲಿ, ಆಕೆ ಫಿಸಿಯೋಥೆರಪಿಸ್ಟ್. ಆತನ ಹಾಳೆಯಲ್ಲಿ ಉಳಿತಾಯ, ಮಗಳ ಓದು, ಶುದ್ಧ ಗಾಳಿ, ಅಪ್ಪನ ಆರೋಗ್ಯ, ಹೀಗೆ ಏಳೆಂಟು ಸಾಲುಗಳು. ಆಕೆಯದರಲ್ಲಿ ಎರಡೇ. ಮೊದಲನೆಯದು, ‘ನಾನು ಮನೆಯಲ್ಲಿ ಕೂರುವುದಿಲ್ಲ.’ ಎರಡನೆಯದು, ‘ಕಾಲೇಜಿನ ಪರೀಕ್ಷೆಗಳನ್ನು ಮತ್ತೆ ಬರೆಯುವುದಿಲ್ಲ.’ ಆತನ ಉದ್ದನೆಯ ಪಟ್ಟಿಯಲ್ಲಿ ಆಕೆಯ ಕೆಲಸದ ಸುದ್ದಿಯೇ ಇರಲಿಲ್ಲ. ಒಲೆಯ ಮೇಲಿನ ಒಗ್ಗರಣೆ ಸೀಯುವವರೆಗೂ ಮಾತು ನಡೆಯಿತು, ದೇಶ ಮಾತ್ರ ತೀರ್ಮಾನವಾಗಲಿಲ್ಲ. ಆದರೆ ಆ ಎರಡು ಸಾಲುಗಳು ಅರ್ಧ ಭೂಗೋಳವನ್ನು ಒರೆಸಿಹಾಕಿದವು. ಅಮೆರಿಕದಲ್ಲಿ ಎಚ್-1ಬಿ ಎಂಬ ಉದ್ಯೋಗ ವೀಸಾದವರ ಸಂಗಾತಿಗೆ ಎಚ್-4 ವೀಸಾ ಸಿಗುತ್ತದೆ. ಗ್ರೀನ್ ಕಾರ್ಡ್ ಎಂಬ ಕಾಯಂ ವಾಸದ ಅನುಮತಿಯ ದಾರಿಯಲ್ಲಿ ಕಂಪನಿ ಹಾಕುವ ಐ-140 ಅರ್ಜಿ ಮಂಜೂರಾಗುವಂಥ ಹಂತ ತಲುಪುವವರೆಗೆ ಅವರಿಗೆ ಕೆಲಸದ ಅನುಮತಿ ಇಲ್ಲ. ಸಿಂಗಪುರದಲ್ಲಿ 2021ರಿಂದ ಬಹುತೇಕ ಸಂಗಾತಿಗಳು ತಮ್ಮದೇ ಕೆಲಸದ ಪರವಾನಗಿ ಪಡೆಯಬೇಕು. ಜರ್ಮನಿಯಲ್ಲಿ ಬ್ಲೂ ಕಾರ್ಡ್ (ಪದವೀಧರ ನೌಕರರಿಗೆ ಕೊಡುವ ವಾಸದ ಅನುಮತಿ) ಇರುವವರ ಸಂಗಾತಿ ಬಂದ ದಿನದಿಂದಲೇ ದುಡಿಯಬಹುದು. ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಕಾಯಂ ವಾಸದ ಅನುಮತಿ ಸಿಕ್ಕರೆ ಇಬ್ಬರಿಗೂ ಸಮಾನ ಹಕ್ಕು. ಆದರೆ ಫಿಸಿಯೋಥೆರಪಿ, ವೈದ್ಯಕೀಯ, ದಂತವೈದ್ಯಕೀಯ, ವಕೀಲಿಕೆಗಳಿಗೆ ಎಲ್ಲೆಡೆಯೂ ಪ್ರತ್ಯೇಕ ಪರವಾನಗಿ ಬೇಕು. ಜರ್ಮನಿಯಲ್ಲಿ ಅದರ ಮೇಲೆ ಭಾಷೆಯ ಪರೀಕ್ಷೆ ಬೇರೆ. ಕೆಲಸ ಮಾಡುವ ಹಕ್ಕು ಬೇರೆ, ತನ್ನ ವೃತ್ತಿಯನ್ನೇ ಮಾಡುವ ಹಕ್ಕು ಬೇರೆ. ಕನ್ಸಲ್ಟೆನ್ಸಿಯವರು ಮೊದಲನೆಯದನ್ನು ಹೇಳಿ ಎರಡನೆಯದನ್ನು ನುಂಗಿಕೊಳ್ಳುತ್ತಾರೆ.

ಅಪ್ಪ ಅಮ್ಮ

ನಮ್ಮವರ ಹಾಳೆಗಳಲ್ಲಿ ಇದು ಸಾಮಾನ್ಯವಾಗಿ ನಾಲ್ಕನೆಯದೋ ಐದನೆಯದೋ ಸಾಲು. ಹೋಗಿ ಹತ್ತು ವರ್ಷವಾದವರನ್ನು ಕೇಳಿದರೆ ಅದೇ ಮೊದಲನೆಯದು. ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ನೋಡೋಣ.

ಅಮೆರಿಕದಲ್ಲಿ ಗ್ರೀನ್ ಕಾರ್ಡ್ ಇದ್ದರೂ ಅಪ್ಪ ಅಮ್ಮನನ್ನು ಕಾಯಂ ಆಗಿ ಕರೆಸಿಕೊಳ್ಳಲಾಗದು. ಅದಕ್ಕೆ ನೀವು ಅಲ್ಲಿನ ಪ್ರಜೆಯಾಗಿರಬೇಕು. ಪ್ರಜೆಯಾಗುವ ದಾರಿ ಭಾರತದಲ್ಲಿ ಹುಟ್ಟಿದವರಿಗೆ ಎಷ್ಟು ಉದ್ದ ಎಂಬುದು ಮುಂದೆ ಬರುತ್ತದೆ. ಅಲ್ಲಿಯವರೆಗೆ ಅವರು ಪ್ರವಾಸಿ ವೀಸಾದಲ್ಲಿ ಬಂದು, ಸಾಮಾನ್ಯವಾಗಿ ಆರು ತಿಂಗಳೊಳಗೆ ಮರಳಬೇಕು. ಕೆನಡಾದಲ್ಲಿ ಸೂಪರ್ ವೀಸಾ ಎಂಬ ವ್ಯವಸ್ಥೆ ಇದೆ. ಒಮ್ಮೆ ಬಂದರೆ ಐದು ವರ್ಷದವರೆಗೆ ಇರಬಹುದು. ಆದರೆ ಕನಿಷ್ಠ 1,00,000 ಕೆನಡಿಯನ್ ಡಾಲರ್ ಮೊತ್ತದ ಆರೋಗ್ಯ ವಿಮೆಯನ್ನು ನೀವೇ ಮಾಡಿಸಬೇಕು. ಎಪ್ಪತ್ತು ದಾಟಿದ, ಸಕ್ಕರೆ ಕಾಯಿಲೆ ಇರುವ ತಂದೆಗೆ ಆ ವಿಮೆಯ ಕಂತು ಎಷ್ಟೆಂದು ಮೊದಲೇ ವಿಚಾರಿಸಿ. ಅಲ್ಲಿ ತಂದೆ ತಾಯಿಗೆ ಕಾಯಂ ವಾಸದ ಅನುಮತಿ ಸಿಗುವುದು ಲಾಟರಿ ಇದ್ದಂತೆ, ಅದನ್ನು ನಂಬಿ ಲೆಕ್ಕ ಹಾಕಬೇಡಿ.

ಆಸ್ಟ್ರೇಲಿಯಾದ ನಿಯಮ ತಣ್ಣಗೆ ಲೆಕ್ಕ ಹಾಕುತ್ತದೆ. ನಿಮ್ಮ ತಂದೆ ತಾಯಿಯ ಮಕ್ಕಳಲ್ಲಿ ಕನಿಷ್ಠ ಅರ್ಧದಷ್ಟು ಮಂದಿ ಆಸ್ಟ್ರೇಲಿಯಾದಲ್ಲಿ ನೆಲೆಸಿರಬೇಕು, ಇಲ್ಲವೇ ಬೇರೆ ಯಾವ ಒಂದು ದೇಶಕ್ಕಿಂತಲೂ ಅಲ್ಲಿರುವವರು ಹೆಚ್ಚಿರಬೇಕು. ಒಬ್ಬ ಅಣ್ಣ, ಒಬ್ಬ ತಂಗಿ ಬೆಂಗಳೂರಿನಲ್ಲೇ ಇದ್ದು ನೀವೊಬ್ಬರು ಮೆಲ್ಬರ್ನ್‌ನಲ್ಲಿದ್ದರೆ ದಾರಿ ಮುಚ್ಚಿತು. ತೆರೆದಿದ್ದರೂ, ಹಣ ಕಟ್ಟಿ ಬೇಗ ಪಡೆಯುವ ವೀಸಾಕ್ಕೆ ತಲೆಗೆ ಸುಮಾರು 50,000 ಆಸ್ಟ್ರೇಲಿಯನ್ ಡಾಲರ್, ಅದಕ್ಕೂ ವರ್ಷಗಟ್ಟಲೆ ಕಾಯಬೇಕು. ಕಡಿಮೆ ಶುಲ್ಕದ ವೀಸಾಕ್ಕೆ 30 ವರ್ಷ ಹಿಡಿಯಬಹುದೆಂದು ಅಲ್ಲಿನ ಸರ್ಕಾರವೇ ಹೇಳುತ್ತದೆ. ಅರವತ್ತೈದರ ಅಮ್ಮನಿಗೆ ತೊಂಬತ್ತೈದರಲ್ಲಿ ವೀಸಾ!

ಜರ್ಮನಿ 2024ರ ಮಾರ್ಚ್‌ನಿಂದ ಒಂದು ಬಾಗಿಲು ತೆರೆದಿದೆ. ಆ ತಿಂಗಳಿನಿಂದೀಚೆಗೆ ಮೊದಲ ಬಾರಿಗೆ ವಾಸದ ಅನುಮತಿ ಪಡೆದ ಕುಶಲ ನೌಕರರು ತಂದೆ ತಾಯಿಯನ್ನು ಕರೆಸಿಕೊಳ್ಳಬಹುದು. ಜೀವನೋಪಾಯ ನಿಮ್ಮ ಹೊಣೆ, ಆರೋಗ್ಯ ವಿಮೆಯೂ ನಿಮ್ಮ ಹೊಣೆ, ಮತ್ತು ವಯಸ್ಸಾದವರಿಗೆ ವಿಮೆ ಸಿಗುವುದೇ ಅಲ್ಲಿ ಕಗ್ಗಂಟು. ದುಬೈ ಇರುವ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ನಿಗದಿತ ಸಂಬಳ ಇದ್ದರೆ ತಂದೆ ತಾಯಿಯನ್ನು ಇಟ್ಟುಕೊಳ್ಳಬಹುದು, ಅನುಮತಿಯನ್ನು ಮಾತ್ರ ನವೀಕರಿಸುತ್ತಲೇ ಇರಬೇಕು. ಸಿಂಗಪುರದಲ್ಲೂ ತಿಂಗಳಿಗೆ 12,000 ಸಿಂಗಪುರ ಡಾಲರ್ ಸಂಬಳ ಬರುವವರಿಗೆ ಇಂಥದೇ ಅವಕಾಶ ಇದೆ.

ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ಲೆಕ್ಕವೂ ಇದೆ. ರಾತ್ರಿ ಎರಡು ಗಂಟೆಗೆ ವಿಜಯನಗರದ ಮನೆಯಿಂದ ಫೋನ್ ಬಂದರೆ ಎಷ್ಟು ಹೊತ್ತಿಗೆ ತಲುಪುತ್ತೀರಿ? ದುಬೈನಿಂದ ನೇರ ವಿಮಾನ ನಾಲ್ಕು ಗಂಟೆಯ ಆಸುಪಾಸು, ಸಿಂಗಪುರದಿಂದ ನಾಲ್ಕೂವರೆ. ಫ್ರಾಂಕ್‌ಫರ್ಟ್‌ನಿಂದ ಒಂಬತ್ತು. ಅಮೆರಿಕದ ನಡುನಾಡಿನಿಂದ ಎರಡು ವಿಮಾನ ಬದಲಿಸಿ ಬರುವಷ್ಟರಲ್ಲಿ ದಿನ ಕಳೆದಿರುತ್ತದೆ. ಚಿತೆಗೆ ಬೆಂಕಿ ಇಡುವುದಕ್ಕೆ ಬರುತ್ತೀರೋ, ಹನ್ನೊಂದನೆಯ ದಿನಕ್ಕೆ ಬರುತ್ತೀರೋ ಎಂಬುದನ್ನು ದೇಶ ಆರಿಸುವಾಗಲೇ ತಿಳಿದುಕೊಂಡಿರುವುದು ಒಳ್ಳೆಯದು. ಅಮೆರಿಕದ ಎಚ್-1ಬಿಯವರಿಗೆ ಇನ್ನೊಂದು ಅಳುಕು ಸೇರುತ್ತದೆ. ಪಾಸ್‌ಪೋರ್ಟ್‌ನಲ್ಲಿನ ವೀಸಾ ಅವಧಿ ಮುಗಿದಿದ್ದರೆ ಮರಳಿ ಹೋಗುವ ಮುನ್ನ ಇಲ್ಲಿನ ದೂತಾವಾಸದ ಸಂದರ್ಶನಕ್ಕೆ ದಿನಾಂಕ ಹಿಡಿಯಬೇಕು. ಅಮ್ಮನ ಆಸ್ಪತ್ರೆಯ ಹಾಸಿಗೆಯ ಪಕ್ಕ ಕುಳಿತು ಲ್ಯಾಪ್‌ಟಾಪ್‌ನಲ್ಲಿ ಸಂದರ್ಶನದ ದಿನಾಂಕ ಹುಡುಕಿದವರು ನಮ್ಮ ಕಚೇರಿಯಲ್ಲೇ ಇದ್ದಾರೆ.

ಕೆಲಸ ಹೋದ ಮರುದಿನ

ಭದ್ರತೆಗೆ ಬೆಲೆ ಕೊಡುವವರು ಸಂಬಳದ ಪತ್ರವನ್ನು ಪಕ್ಕಕ್ಕಿಟ್ಟು, ಕೆಲಸ ಕಳೆದುಕೊಂಡ ಮರುದಿನ ಏನಾಗುತ್ತದೆ ಎಂದು ನೋಡಬೇಕು. ಅಮೆರಿಕದ ಎಚ್-1ಬಿಯಲ್ಲಿ ಹೊಸ ಕೆಲಸ ಹಿಡಿಯಲು ಹೆಚ್ಚೆಂದರೆ 60 ದಿನ. ಮನೆಯ ಸಾಲ, ಮಕ್ಕಳ ಶಾಲೆ ಎಲ್ಲ ಆ ಅರವತ್ತು ದಿನಗಳೊಳಗೆ ಇತ್ಯರ್ಥವಾಗಬೇಕು. ಸಿಂಗಪುರದಲ್ಲಿ ಪರವಾನಗಿ ರದ್ದಾದ ಮೇಲೆ ಸಾಮಾನ್ಯವಾಗಿ 30 ದಿನ. ಜರ್ಮನಿಯಲ್ಲಿ ಹೊಸ ಕೆಲಸ ಹುಡುಕಲು ಕೆಲವು ತಿಂಗಳ ಕಾಲಾವಕಾಶ ಸಿಗುತ್ತದೆ. 12 ತಿಂಗಳು ವಿಮೆಯ ಕಂತು ಕಟ್ಟಿದ್ದರೆ ನಿವ್ವಳ ಸಂಬಳದ 60 ಪ್ರತಿಶತ, ಮಕ್ಕಳಿದ್ದರೆ 67 ಪ್ರತಿಶತ ನಿರುದ್ಯೋಗ ಭತ್ಯೆಯೂ ಬರುತ್ತದೆ. ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಗೆ ಕಾಯಂ ವಾಸದ ಅನುಮತಿ ಹಿಡಿದೇ ಹೋದವರಿಗೆ ಕೆಲಸ ಹೋದರೆ ಹೋಯಿತು, ನೆಲೆ ಹೋಗುವುದಿಲ್ಲ.

ಅಮೆರಿಕದ ಸರದಿಯ ಸಾಲು ಹೇಗೆ ನಿಂತಿದೆ ಎಂಬುದನ್ನು ಅರ್ಥಮಾಡಿಕೊಳ್ಳದೆ ಅಲ್ಲಿಗೆ ಹೋಗಬಾರದು. ಉದ್ಯೋಗದ ಆಧಾರದ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. ಯಾವ ಒಂದು ದೇಶದಲ್ಲಿ ಹುಟ್ಟಿದವರಿಗೂ ಅದರಲ್ಲಿ ಸುಮಾರು 7 ಪ್ರತಿಶತಕ್ಕಿಂತ ಹೆಚ್ಚು ಕೊಡಬಾರದೆಂಬ ಮಿತಿ ಇದೆ. ಪುಟ್ಟ ದ್ವೀಪಕ್ಕೂ ಭಾರತಕ್ಕೂ ಒಂದೇ ಮಿತಿ. ಹಾಗಾಗಿ ನಮ್ಮವರ ಸಾಲು ದಶಕಗಳಷ್ಟು ಉದ್ದ. ಐದು ವರ್ಷದ ಮಗುವನ್ನು ಕರೆದುಕೊಂಡು ಹೋದರೆ ಆ ಮಗು 21 ತುಂಬಿದ ದಿನ ಅಪ್ಪನ ಅರ್ಜಿಯಿಂದ ಹೊರಬೀಳುವ ಸಾಧ್ಯತೆ ಇದೆ. ಕನ್ನಡವೂ ಸರಿಯಾಗಿ ಬಾರದ, ಅಮೆರಿಕವನ್ನೇ ಊರೆಂದುಕೊಂಡ ಹುಡುಗ ತನ್ನದೇ ವೀಸಾ ಹುಡುಕಿಕೊಳ್ಳಬೇಕು. 2025ರ ಸೆಪ್ಟೆಂಬರ್‌ನಲ್ಲಿ ಹೊರಗಿನಿಂದ ಬರುವ ಹೊಸ ಎಚ್-1ಬಿ ಅರ್ಜಿಗಳಿಗೆ 1,00,000 ಡಾಲರ್ ಶುಲ್ಕದ ಘೋಷಣೆಯೂ ಹೊರಬಿತ್ತು. ಇಷ್ಟಾದರೂ ತಂತ್ರಜ್ಞಾನ, ಸಂಶೋಧನೆಗಳಲ್ಲಿ ಅಲ್ಲಿನಷ್ಟು ದೊಡ್ಡ ಕೆಲಸ ಬೇರೆಡೆ ಸಿಗುವುದು ಕಷ್ಟ. ಕೆಲಸವೇ ನಿಮ್ಮ ಮೊದಲ ಮೌಲ್ಯವಾದರೆ ಈ ಅನಿಶ್ಚಯವನ್ನು ಹೊರಬಹುದು. ನೆಮ್ಮದಿ ಮೊದಲಾದರೆ ಬೇಡ.

ಸಂಯುಕ್ತ ಅರಬ್ ಸಂಸ್ಥಾನ ಈ ವಿಷಯದಲ್ಲಿ ಪ್ರಾಮಾಣಿಕ ದೇಶ. 10 ವರ್ಷದ ಗೋಲ್ಡನ್ ವೀಸಾ ಕೊಡುತ್ತದೆ, ಸಾಮಾನ್ಯರಿಗೆ ಪೌರತ್ವ ಕೊಡುವುದಿಲ್ಲ, ಕೊಡುತ್ತೇನೆಂದು ಆಸೆಯನ್ನೂ ತೋರಿಸುವುದಿಲ್ಲ. ಉಡುಪಿ, ಮಂಗಳೂರಿನ ಎಷ್ಟೋ ಕುಟುಂಬಗಳು ಇದನ್ನು ಸರಿಯಾಗಿಯೇ ಅರಿತು, ಮೊದಲ ದಿನದಿಂದಲೇ ಊರಿನಲ್ಲಿ ಮನೆ ಕಟ್ಟಲು ದುಡಿದವು.

ಕಾಲ, ರಜೆ, ಭಾನುವಾರ

ಹೊರವರ್ತುಲ ರಸ್ತೆಯಲ್ಲಿ ದಿನಕ್ಕೆ ಮೂರು ಗಂಟೆ ಕಳೆಯುವವರ ಹಾಳೆಯಲ್ಲಿ ‘ಮನೆಯವರ ಜೊತೆ ಸಮಯ’ ಎಂದು ಇದ್ದೇ ಇರುತ್ತದೆ. ಸ್ವೀಡನ್‌ನಲ್ಲಿ ಮಗುವೊಂದಕ್ಕೆ ತಂದೆ ತಾಯಿ ಇಬ್ಬರಿಗೂ ಸೇರಿ 480 ದಿನಗಳ ಭತ್ಯೆಸಹಿತ ರಜೆ. ಅದರಲ್ಲಿ 90 ದಿನ ಅಪ್ಪನೇ ತೆಗೆದುಕೊಳ್ಳಬೇಕು, ಅಮ್ಮನಿಗೆ ವರ್ಗಾಯಿಸುವಂತಿಲ್ಲ. ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ಖಾಸಗಿ ನೌಕರರಿಗೆ ಸಂಬಳಸಹಿತ ಹೆರಿಗೆ ರಜೆಯೇ ಇಲ್ಲ. 1993ರ ಕಾನೂನು ಕೊಡುವುದು 12 ವಾರಗಳ ಸಂಬಳರಹಿತ ರಜೆ, ಅದೂ ಎಲ್ಲರಿಗಲ್ಲ. ಈ ಒಂದು ವಿಷಯದಲ್ಲಿ 26 ವಾರ ಕೊಡುವ ಭಾರತದ ಕಾನೂನೇ ಮುಂದಿದೆ. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಿಂದ ಕೆಲಸದ ಹೊತ್ತು ಮುಗಿದ ಮೇಲೆ ಮೇಲಧಿಕಾರಿಯ ಕರೆಗೆ ಉತ್ತರಿಸದಿರುವ ಹಕ್ಕು ಕಾನೂನಿನಲ್ಲೇ ಬಂದಿದೆ. ನೆದರ್‌ಲೆಂಡ್ಸ್‌ನಲ್ಲಿ ವಾರಕ್ಕೆ ನಾಲ್ಕು ದಿನ ಕೆಲಸ ಮಾಡುವ ಗಂಡಸನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ.

ಆದರೆ ಆ ಸಮಯ ಎಲ್ಲಿ ಖರ್ಚಾಗುತ್ತದೆ ಎಂಬುದನ್ನೂ ನೋಡಿ. ಬೆಂಗಳೂರಿನಲ್ಲಿ ಪಾತ್ರೆ ತೊಳೆಯಲು ಒಬ್ಬರು, ಅಡುಗೆಗೆ ಒಬ್ಬರು, ಬಟ್ಟೆ ಇಸ್ತ್ರಿಗೆ ಬೀದಿ ಕೊನೆಯ ಗಾಡಿ, ರಾತ್ರಿ ಹತ್ತಕ್ಕೆ ಕೊತ್ತಂಬರಿ ಸೊಪ್ಪು ಬೇಕೆಂದರೂ ಮನೆ ಬಾಗಿಲಿಗೆ ಬರುತ್ತದೆ. ಮ್ಯೂನಿಕ್‌ನಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರ ಸಂಜೆಯೊಳಗೆ ಹಾಲು, ತರಕಾರಿ ತಂದಿಡದಿದ್ದರೆ ಸೋಮವಾರದವರೆಗೆ ಕಾಯಬೇಕು. ಭಾನುವಾರ ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಖಾಲಿ ಗಾಜಿನ ಬಾಟಲಿಗಳನ್ನು ಬೀದಿಯ ಸಂಗ್ರಹ ಪೆಟ್ಟಿಗೆಗೆ ಹಾಕುವಂತೆಯೂ ಇಲ್ಲ, ಸದ್ದಾಗುತ್ತದೆ. ಬೆಂಗಳೂರಿನ ಲೌಡ್‌ಸ್ಪೀಕರ್‌ಗಳಿಂದ ಬೇಸತ್ತ ನನಗೆ ಇದು ಸ್ವರ್ಗದ ವರ್ಣನೆಯಂತೆ ಕೇಳಿಸುತ್ತದೆ. ಗಣೇಶೋತ್ಸವವಿಲ್ಲದೆ ಭಾದ್ರಪದ ಕಳೆಯಲಾರೆ ಎನ್ನುವವರಿಗೆ ಅದೇ ನಿಶ್ಶಬ್ದ ಮೈಮೇಲೆ ಬರುತ್ತದೆ. ಕನ್ಸಲ್ಟೆನ್ಸಿಯ ಅಂಕಪಟ್ಟಿಯಲ್ಲಿ ಇದಕ್ಕೆ ಕಲಂ ಇಲ್ಲ.

ದೇಹ ಮತ್ತು ಕಾನೂನು

ಬೆಳಗಾವಿಯಲ್ಲಿ ತವರಿದ್ದ ದಂತವೈದ್ಯೆ ಸವಿತಾ ಹಾಲಪ್ಪನವರ್ 2012ರ ಅಕ್ಟೋಬರ್‌ನಲ್ಲಿ ಐರ್ಲೆಂಡಿನ ಗಾಲ್ವೇಯಲ್ಲಿ ತೀರಿಕೊಂಡರು. ಗರ್ಭಪಾತವಾಗುತ್ತಿದೆ, ಮಗು ಉಳಿಯದು ಎಂದು ಗೊತ್ತಿದ್ದರೂ, ಭ್ರೂಣದ ಹೃದಯ ಬಡಿತ ಇರುವವರೆಗೆ ಗರ್ಭ ತೆಗೆಯಲು ವೈದ್ಯರು ಒಪ್ಪಲಿಲ್ಲ. ತಾಯಿಯ ಜೀವಕ್ಕೂ ಭ್ರೂಣದ ಜೀವಕ್ಕೂ ಸಮಾನ ಹಕ್ಕು ಎನ್ನುತ್ತಿದ್ದ ಅಲ್ಲಿನ ಸಂವಿಧಾನದ ಎಂಟನೇ ತಿದ್ದುಪಡಿ ಹಾಗಿತ್ತು. ಸೋಂಕು ರಕ್ತಕ್ಕೇರಿತು. ಅವರ ಸಾವು ಆ ದೇಶವನ್ನು ಅಲುಗಾಡಿಸಿತು, 2018ರ ಮೇ ತಿಂಗಳ ಜನಮತಗಣನೆಯಲ್ಲಿ ಮೂರನೇ ಎರಡರಷ್ಟು ಮತಗಳಿಂದ ಆ ತಿದ್ದುಪಡಿ ರದ್ದಾಯಿತು. ಇಂದಿನ ಐರ್ಲೆಂಡ್ ಬೇರೆ. ಆದರೆ ಮುಂದುವರಿದ ದೇಶ, ಒಳ್ಳೆಯ ಆಸ್ಪತ್ರೆ ಎಂದುಕೊಂಡು ಹೋದವರಿಗೆ ಅಲ್ಲಿನ ಕಾನೂನು ಯಾರ ಜೀವಕ್ಕೆ ಎಷ್ಟು ತೂಕ ಕೊಡುತ್ತದೆ ಎಂಬುದು ಆಪತ್ತು ಬಂದಾಗಲೇ ತಿಳಿಯುವುದು. ಅಮೆರಿಕದಲ್ಲಿ 2022ರ ಜೂನ್‌ನ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ಗರ್ಭಪಾತದ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿದೆ. ಆದ್ದರಿಂದ ಮಕ್ಕಳ ಯೋಚನೆಯಲ್ಲಿರುವ ದಂಪತಿ ಟೆಕ್ಸಾಸ್ ಮತ್ತು ಕ್ಯಾಲಿಫೋರ್ನಿಯಾಗಳನ್ನು ಎರಡು ದೇಶಗಳೆಂದೇ ಬಗೆದು ಹೋಲಿಸಬೇಕು.

ಸಲಿಂಗ ಸಂಗಾತಿಯ ಜೊತೆ ಬಾಳಬೇಕೆನ್ನುವವರ ಪಾಲಿಗೆ ಉಳಿದ ಸಾಲುಗಳೆಲ್ಲ ನಂತರದವು. ಭಾರತದಲ್ಲಿ 2018ರಲ್ಲಿ ಅಪರಾಧದ ಹಣೆಪಟ್ಟಿ ಹೋಯಿತು, ಮದುವೆಯ ಹಕ್ಕನ್ನು 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ನೆದರ್‌ಲೆಂಡ್ಸ್ 2001ರಲ್ಲಿ ಜಗತ್ತಿನಲ್ಲೇ ಮೊದಲು ಒಪ್ಪಿತು. ಕೆನಡಾ 2005ರಲ್ಲಿ, ನ್ಯೂಜಿಲೆಂಡ್ 2013ರಲ್ಲಿ, ಐರ್ಲೆಂಡ್ 2015ರಲ್ಲಿ ಜನಮತಗಣನೆಯ ಮೂಲಕ, ಜರ್ಮನಿ ಮತ್ತು ಆಸ್ಟ್ರೇಲಿಯಾ 2017ರಲ್ಲಿ ಒಪ್ಪಿದವು. ಸಿಂಗಪುರ 2022ರಲ್ಲಿ ಹಳೆಯ ಕಾನೂನನ್ನು ತೆಗೆಯಿತು, ಮದುವೆಗೆ ಮಾತ್ರ ಬಾಗಿಲು ಮುಚ್ಚಿಯೇ ಇಟ್ಟಿತು. ಅರಬ್ ಸಂಸ್ಥಾನದಲ್ಲಿ ಸಲಿಂಗ ಸಂಬಂಧವೇ ಇಂದಿಗೂ ಅಪರಾಧ.

ನಿಮ್ಮ ಮಾತಿಗೆ ಬೆಲೆ ಎಲ್ಲಿ?

ಚುನಾವಣೆಯ ದಿನ ಬೆಂಗಳೂರಿಗರು ಮತಗಟ್ಟೆಗೆ ಹೋಗುವುದಿಲ್ಲ ಎಂಬ ದೂರು ಹಳೆಯದು. ಆದರೂ ಆಡಳಿತದಲ್ಲಿ ಪಾಲು ಬೇಕು, ಎರಡನೇ ದರ್ಜೆಯ ನಿವಾಸಿಯಾಗಿ ಇರಲಾರೆ ಎನ್ನುವವರು ನಮ್ಮಲ್ಲಿ ಇದ್ದಾರೆ. ನ್ಯೂಜಿಲೆಂಡ್‌ನಲ್ಲಿ ಪೌರತ್ವವೇ ಬೇಡ. ಕಾಯಂ ವಾಸದ ಅನುಮತಿಯಿದ್ದು ಒಂದು ವರ್ಷ ಅಲ್ಲಿ ಬದುಕಿದ್ದರೆ ಸಂಸತ್ತಿನ ಚುನಾವಣೆಯಲ್ಲೇ ಮತ ಹಾಕಬಹುದು. ಬ್ರಿಟನ್ನಿನದು ಇನ್ನೂ ಸೋಜಿಗ: ಕಾಮನ್‌ವೆಲ್ತ್ ದೇಶದವರೆಂಬ ಕಾರಣಕ್ಕೆ ಅಲ್ಲಿ ಕಾನೂನುಬದ್ಧವಾಗಿ ವಾಸಿಸುವ ಭಾರತೀಯರಿಗೆ ಸಾರ್ವತ್ರಿಕ ಚುನಾವಣೆಯ ಮತವೂ ಇದೆ. ಐರ್ಲೆಂಡ್‌ನಲ್ಲಿ ಯಾವ ದೇಶದ ನಿವಾಸಿಯೂ ಸ್ಥಳೀಯ ಚುನಾವಣೆಯಲ್ಲಿ ಮತ ಹಾಕಬಹುದು. ಕೆಲವೆಡೆ ಪೌರತ್ವ ಬರುವವರೆಗೆ ಕಾಯಬೇಕು: ಕೆನಡಾದಲ್ಲಿ ಐದು ವರ್ಷದೊಳಗೆ 1,095 ದಿನ ವಾಸ, ಆಸ್ಟ್ರೇಲಿಯಾದಲ್ಲಿ ನಾಲ್ಕು ವರ್ಷ, ಜರ್ಮನಿಯಲ್ಲಿ 2024ರ ಕಾನೂನಿನಂತೆ ಐದು ವರ್ಷ.

ಜರ್ಮನಿ ಈಗ ಎರಡು ಪೌರತ್ವ ಇಟ್ಟುಕೊಳ್ಳಲು ಬಿಡುತ್ತದೆ ಎಂದು ಹಿಗ್ಗುವವರಿಗೆ ಒಂದು ಮಾತು. ಜರ್ಮನಿ ಬಿಟ್ಟರೂ ಭಾರತ ಬಿಡುವುದಿಲ್ಲ. ಹೊರದೇಶದ ಪೌರತ್ವ ಪಡೆದ ಗಳಿಗೆಯಲ್ಲೇ ನಮ್ಮ ಪೌರತ್ವ ಹೋಗುತ್ತದೆ, ಪಾಸ್‌ಪೋರ್ಟ್ ಒಪ್ಪಿಸಬೇಕು. ಆಮೇಲೆ ಸಿಗುವ ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್‌ನಿಂದ ಬಂದು ಹೋಗಬಹುದು, ಜೀವನವಿಡೀ ಇರಬಹುದು, ಫ್ಲ್ಯಾಟ್ ಕೊಳ್ಳಬಹುದು. ಮತವಿಲ್ಲ. ಕೃಷಿ ಜಮೀನು ಕೊಳ್ಳುವಂತಿಲ್ಲ, ಪಿತ್ರಾರ್ಜಿತವಾಗಿ ಬಂದರೆ ಮಾತ್ರ ಇಟ್ಟುಕೊಳ್ಳಬಹುದು. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡ ಅನಿವಾಸಿಗೂ ಕೃಷಿ ಜಮೀನಿನ ವಿಷಯದಲ್ಲಿ ಇದೇ ನಿಯಮ. ದುಡಿದು ಬಂದು ಹಾಸನದ ಕಡೆ ನಾಲ್ಕು ಎಕರೆ ಕೊಂಡು ತೋಟ ಮಾಡುತ್ತೇನೆ ಎಂಬುದು ನಿಮ್ಮ ಕನಸಾದರೆ, ಅದನ್ನು ಹೊರಡುವ ಮುನ್ನ ಕೊಳ್ಳಬೇಕು, ಇಲ್ಲವೇ ಪೌರತ್ವ ಬಿಡದೆ ಮರಳಿ ನೆಲೆಸಿದ ಮೇಲೆ ಕೊಳ್ಳಬೇಕು.

ಮಕ್ಕಳು, ಭಾಷೆ, ಜಾತಿ

ಮಕ್ಕಳ ಓದಿಗಾಗಿ ಹೋಗುತ್ತೇವೆ ಎನ್ನುವವರು ಆ ಓದಿನ ಸ್ವರೂಪವನ್ನು ನೋಡುವುದು ಕಡಿಮೆ. ಜರ್ಮನಿಯ ಬಹುತೇಕ ರಾಜ್ಯಗಳಲ್ಲಿ ನಾಲ್ಕನೇ ತರಗತಿ ಮುಗಿದೊಡನೆ, ಹತ್ತರ ವಯಸ್ಸಿಗೇ, ಮಗು ಯಾವ ಬಗೆಯ ಶಾಲೆಗೆ ಹೋಗಬೇಕೆಂದು ವಿಂಗಡಣೆಯಾಗುತ್ತದೆ. ಎಂಟರಲ್ಲಿ ಭಾಷೆ ಬಾರದೆ ಹೋದ ಮಗುವಿಗೆ ಇದು ಕಠಿಣ, ಮೂರರಲ್ಲಿ ಹೋದ ಮಗುವಿಗೆ ಏನೂ ಅಲ್ಲ. ಸಿಂಗಪುರದಲ್ಲಿ ಕಾಯಂ ನಿವಾಸಿಯ ಅನುಮತಿ ಪಡೆದ ಕುಟುಂಬದ ಗಂಡುಮಕ್ಕಳು ಎರಡು ವರ್ಷ ಕಡ್ಡಾಯ ರಾಷ್ಟ್ರಸೇವೆ ಮಾಡಬೇಕು. ಸ್ವೀಡನ್ 1979ರಲ್ಲೇ ಮಕ್ಕಳಿಗೆ ಹೊಡೆಯುವುದನ್ನು ಕಾನೂನಿನಿಂದ ನಿಷೇಧಿಸಿತು. ‘ಎರಡು ಬಿಟ್ಟರೆ ಸರಿಹೋಗುತ್ತಾನೆ’ ಎನ್ನುವ ಅಜ್ಜ ಅಲ್ಲಿಗೆ ಬರುವ ಮೊದಲು ಈ ಮಾತು ಅವರ ಕಿವಿಗೆ ಬಿದ್ದಿರಲಿ.

ಕನ್ನಡದ ವಿಷಯಕ್ಕೆ ಬಂದರೆ ಯಾವ ದೇಶವೂ ನಿಮ್ಮ ಪರವಾಗಿ ಅದನ್ನು ಉಳಿಸಿಕೊಡುವುದಿಲ್ಲ. ಸಿಂಗಪುರದ ಶಾಲೆಗಳಲ್ಲಿ ಮಾತೃಭಾಷೆ ಕಡ್ಡಾಯ, ಆದರೆ ಭಾರತೀಯ ಮಕ್ಕಳಿಗಿರುವ ಆಯ್ಕೆಯಲ್ಲಿ ತಮಿಳು, ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಇವೆ, ಕನ್ನಡ ಇಲ್ಲ. ದುಬೈನಲ್ಲಿ ಸ್ವಯಂಸೇವಕರು ನಡೆಸುವ ಕನ್ನಡ ಪಾಠಶಾಲೆ ಇದೆ. ಅಮೆರಿಕದ ದೊಡ್ಡ ಊರುಗಳಲ್ಲಿ ಕನ್ನಡ ಕೂಟಗಳೂ ವಾರಾಂತ್ಯದ ತರಗತಿಗಳೂ ಇವೆ, ಆ ಕೂಟಗಳ ಒಕ್ಕೂಟವಾದ ‘ಅಕ್ಕ’ದ ಸಮ್ಮೇಳನ ಇದೆ. ಭಾಷೆ ನಿಮ್ಮ ಹಾಳೆಯ ಮೇಲಿನ ಸಾಲುಗಳಲ್ಲಿದ್ದರೆ ದೇಶಕ್ಕಿಂತ ಊರನ್ನು ಆರಿಸಿ. ಹತ್ತು ಕನ್ನಡದ ಮನೆಗಳಿರುವ ಊರು ಸಾಕು.

ಜಾತಿ ಇಲ್ಲದ ಕಡೆ ಬದುಕಬೇಕು ಎಂದು ಹೊರಡುವವರಿದ್ದಾರೆ, ಅವರ ಆಸೆ ನ್ಯಾಯವಾದದ್ದು. ಅದು ನಮ್ಮವರ ಪೆಟ್ಟಿಗೆಯೊಳಗೇ ಕುಳಿತು ವಿಮಾನ ಹತ್ತುತ್ತದೆ ಎಂಬುದನ್ನು ಅಮೆರಿಕದ ಸಿಯಾಟಲ್ ನಗರ 2023ರ ಫೆಬ್ರುವರಿಯಲ್ಲಿ ಒಪ್ಪಿಕೊಂಡು ಜಾತಿ ತಾರತಮ್ಯವನ್ನು ನಿಷೇಧಿಸಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸನಸಭೆ ಅಂಗೀಕರಿಸಿದ ಇಂಥದೇ ಮಸೂದೆಯನ್ನು ರಾಜ್ಯಪಾಲರು ತಿರಸ್ಕರಿಸಿದರು. ನಮ್ಮವರೇ ಹೆಚ್ಚಿರುವ ಬಡಾವಣೆ ಹುಡುಕುವ ಮುನ್ನ ಇದನ್ನೂ ತೂಗಿ ನೋಡಬೇಕು.

ಹಣ

ಇದರ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನು ಚಿಕ್ಕದಾಗಿ ಮುಗಿಸುತ್ತೇನೆ. ಅರಬ್ ಸಂಸ್ಥಾನದಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ, ಸಿಂಗಪುರದಲ್ಲಿ ಗರಿಷ್ಠ ದರ 24 ಪ್ರತಿಶತ. ಜರ್ಮನಿಯಲ್ಲಿ ತೆರಿಗೆಯ ಜೊತೆ ಪಿಂಚಣಿ, ಆರೋಗ್ಯ, ನಿರುದ್ಯೋಗ ವಿಮೆಗಳೂ ಕಳೆಯುವುದರಿಂದ ಕೈಗೆ ಬರುವ ಮೊತ್ತ ನೋಡಿ ಮೊದಲ ತಿಂಗಳು ಎದೆ ಧಸಕ್ಕೆನ್ನುತ್ತದೆ. ಆದರೆ ಭಾರತದ ಜೊತೆ ಸಾಮಾಜಿಕ ಭದ್ರತೆಯ ಒಪ್ಪಂದ (ಅಲ್ಲಿ ಕಟ್ಟಿದ ಪಿಂಚಣಿಯ ಹಕ್ಕನ್ನು ಮರಳಿದ ಮೇಲೂ ಕಾಯುವಂಥದು) ಇರುವ ದೇಶಗಳಲ್ಲಿ ಜರ್ಮನಿ, ನೆದರ್‌ಲೆಂಡ್ಸ್, ಕೆನಡಾ ಸೇರಿವೆ. ಅಮೆರಿಕದ ಜೊತೆ ಅದು ಇಲ್ಲ. ಅಲ್ಲಿ ಸುಮಾರು ಹತ್ತು ವರ್ಷ ಕಟ್ಟದೆ ಮರಳಿದರೆ ಪಿಂಚಣಿಗೆಂದು ಕಟ್ಟಿದ್ದು ಅಲ್ಲಿಯೇ ಉಳಿಯುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ

ತಂದೆ ತಾಯಿಗೆ ಒಬ್ಬನೇ ಮಗ ಅಥವಾ ಒಬ್ಬಳೇ ಮಗಳಾಗಿದ್ದು, ಹೋಗಲೇಬೇಕು ಎಂದರೆ ನಾನು ದುಬೈ ಅಥವಾ ಸಿಂಗಪುರ ಎನ್ನುತ್ತೇನೆ. ನೆಲೆ ತಾತ್ಕಾಲಿಕವಾದರೂ ದೂರ ಕಡಿಮೆ. ಗಂಡ ಹೆಂಡತಿ ಇಬ್ಬರ ವೃತ್ತಿಯೂ ಸಮಾನ ಎನ್ನುವವರಿಗೆ ಆಸ್ಟ್ರೇಲಿಯಾ ಅಥವಾ ಕೆನಡಾ. ಆದರೆ ಆಸ್ಟ್ರೇಲಿಯಾದ ಅಂಕ ಆಧಾರಿತ ವೀಸಾಕ್ಕೆ 45 ತುಂಬುವುದರೊಳಗೆ ಕರೆ ಬರಬೇಕು, ಕೆನಡಾ 2024ರಲ್ಲಿ ಕಾಯಂ ವಾಸಕ್ಕೆ ಸೇರಿಸಿಕೊಳ್ಳುವವರ ಗುರಿಯನ್ನು ತಗ್ಗಿಸಿ 2025ಕ್ಕೆ 3,95,000 ಎಂದು ನಿಗದಿ ಮಾಡಿತು. ಚಿಕ್ಕ ಮಕ್ಕಳಿರುವ, ಭಾಷೆ ಕಲಿಯಲು ಬೇಸರಪಡದ ದಂಪತಿಗೆ ಜರ್ಮನಿಯಷ್ಟು ಕೊಟ್ಟು ತೆಗೆದುಕೊಳ್ಳುವ ದೇಶ ನನಗೆ ಬೇರೆ ಕಾಣುವುದಿಲ್ಲ. ಬ್ಲೂ ಕಾರ್ಡ್ ಇದ್ದು ಬಿ1 ಹಂತದ, ಅಂದರೆ ನಿತ್ಯದ ವ್ಯವಹಾರಕ್ಕೆ ಸಾಲುವಷ್ಟು, ಜರ್ಮನ್ ಬಂದರೆ 21 ತಿಂಗಳಿಗೇ ಕಾಯಂ ವಾಸ ಸಿಗುತ್ತದೆ. ಬಿ1 ಇಲ್ಲದವರಿಗೆ 27 ತಿಂಗಳು. ಕಲಿಯುವ ಮನಸ್ಸಿದೆಯೋ ಇಲ್ಲವೋ ಎಂದು ತಿಳಿಯಲು ವಿಮಾನ ಹತ್ತಬೇಕಾಗಿಲ್ಲ. ಜರ್ಮನ್ ಕಲಿಸುವ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಎ1 ಎಂಬ ಮೊದಲ ಹಂತದ ತರಗತಿಗೆ ಸೇರಿ. ಕಚೇರಿ ಮುಗಿಸಿ ಆ ಟ್ರಾಫಿಕ್‌ನಲ್ಲಿ ಹೋಗಿ ಮೂರು ತಿಂಗಳು ಕೂತು ಬಂದವರಿಗೆ ಉತ್ತರ ಸಿಕ್ಕಿರುತ್ತದೆ.

ಇನ್ನೂ ಮದುವೆಯಾಗದ, ಇಪ್ಪತ್ತೈದರ ಆಸುಪಾಸಿನ, ದೊಡ್ಡ ಕೆಲಸವೇ ಮುಖ್ಯ ಎನ್ನುವವರು ಅಮೆರಿಕಕ್ಕೆ ಹೋಗಲಿ, ಮರಳುವ ದಿನಾಂಕವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಲಿ. ಮತ್ತೆ, ಹೋಲಿಕೆಯ ಹಾಳೆಯಲ್ಲಿ ಬೆಂಗಳೂರಿಗೂ ಒಂದು ಕಲಂ ಇರಲಿ. ಕೆಲವರಿಗೆ ಬೇಕಾದದ್ದು ದೇಶ ಬದಲಾವಣೆಯಲ್ಲ, ವೈಟ್‌ಫೀಲ್ಡ್‌ನಿಂದ ಮೈಸೂರಿಗೆ ಮನೆ ಬದಲಾವಣೆ ಎಂಬುದು ಅಲ್ಲಿ ಗೊತ್ತಾಗುತ್ತದೆ.

ಎರಡು ದೇಶ ಉಳಿದು ತೀರ್ಮಾನ ಆಗದಿದ್ದರೆ, ಆ ಊರಿಗೆ ಅದರ ಅತಿ ಕೆಟ್ಟ ತಿಂಗಳಲ್ಲಿ ಒಮ್ಮೆ ಹೋಗಿ ಬನ್ನಿ. ಮ್ಯೂನಿಕ್‌ಗೆ ನವೆಂಬರ್, ಟೊರಾಂಟೊಗೆ ಫೆಬ್ರುವರಿ, ದುಬೈಗೆ ಜುಲೈ. ಹೋಟೆಲ್ ಬೇಡ, ಬಾಡಿಗೆ ಮನೆ ಹಿಡಿದು, ಸಾಮಾನು ತಂದು, ಅಡುಗೆ ಮಾಡಿ, ಬೆಳಗಿನ ಬಸ್ ಹತ್ತಿ ನೋಡಿ.

ಇತ್ತ ಯಾವ ದೇಶಕ್ಕಾದರೂ ಬೇಕಾಗುವ ಕಾಗದಗಳನ್ನು ಈಗಲೇ ಶುರುಮಾಡಿ. ವಿಶ್ವವಿದ್ಯಾಲಯದಿಂದ ಟ್ರಾನ್‌ಸ್ಕ್ರಿಪ್ಟ್ (ಎಲ್ಲ ವರ್ಷಗಳ ಅಂಕಗಳ ಅಧಿಕೃತ ಪಟ್ಟಿ) ಕೈಗೆ ಬರಲು ನೀವು ಎಣಿಸಿದ್ದಕ್ಕಿಂತ ಹೆಚ್ಚು ದಿನ ಹಿಡಿಯುತ್ತದೆ. ಎಲ್ಲಕ್ಕಿಂತ ಮೊದಲು ಹೆಸರು ನೋಡಿಕೊಳ್ಳಿ. ನಮ್ಮ ಕಡೆ ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ ಆಗಿ ಕೂತಿರುತ್ತವೆ. ಅಂಕಪಟ್ಟಿಯಲ್ಲಿ ‘ಕೆ.ಎಸ್.’, ಆಧಾರ್‌ನಲ್ಲಿ ಬಿಡಿಸಿ ಬರೆದದ್ದು, ಪಾಸ್‌ಪೋರ್ಟ್‌ನಲ್ಲಿ ಉಪನಾಮದ ಜಾಗ ಖಾಲಿ. ಹಾಗೆ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ನಿಮ್ಮ ಹೆಸರು ಉಪನಾಮದ ಜಾಗಕ್ಕೆ ಜಿಗಿದು, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂಬ ಮೂರಕ್ಷರ ಬಂದು ಕೂರುತ್ತದೆ. ಆಮೇಲೆ ಬ್ಯಾಂಕು, ಚಾಲನಾ ಪರವಾನಗಿ ಎಲ್ಲ ಕಡೆ ಅದೇ ನಿಮ್ಮನ್ನು ಹಿಂಬಾಲಿಸುತ್ತದೆ. ಒಂದೇ ಪದದ ಹೆಸರಿನ ಪಾಸ್‌ಪೋರ್ಟ್ ಹಿಡಿದ ಪ್ರವಾಸಿಗರಿಗೆ ಅರಬ್ ಸಂಸ್ಥಾನ 2022ರ ನವೆಂಬರ್‌ನಿಂದ ಪ್ರವೇಶಕ್ಕೇ ತಡೆ ಹಾಕಿತು. ನಿಮ್ಮದನ್ನು ಸರಿಪಡಿಸುವಾಗ ಅಪ್ಪ ಅಮ್ಮನ ಪಾಸ್‌ಪೋರ್ಟ್‌ನಲ್ಲಿ ನಿಮ್ಮ ದಾಖಲೆಗಳ ಜೊತೆ ತಾಳೆಯಾಗುವ ಹಾಗೆ ಅವರ ಹೆಸರನ್ನೂ ಸರಿಪಡಿಸಿಬಿಡಿ. ಮುಂದೆ ಅವರ ವೀಸಾ ಅರ್ಜಿಗೆ ನೀವು ಅವರ ಮಕ್ಕಳೆಂದು ಸಾಬೀತುಮಾಡಲು ಕೇಳುವ ಮೊದಲ ದಾಖಲೆ ನಿಮ್ಮ ಜನನ ಪ್ರಮಾಣಪತ್ರ, ಮತ್ತು ಅದರಲ್ಲಿ ಅಮ್ಮನ ಹೆಸರು ಎಷ್ಟೋ ಸಲ ಬೇರೆಯೇ ಇರುತ್ತದೆ.